ರಾಜೂರಿನ ದ್ವಿತೀಯ ತಟ್ಟೆ: ಒಂದು ಶಾಸನಶಾಸ್ತ್ರೀಯ ವಿವೇಚನೆ

ಗಜೇಂದ್ರಗಡದ ಮಗ್ಗುಲ ರಾಜೂರಿನಲ್ಲಿ, ಲಗ್ನಪತ್ರಿಕೆ ಟೈಪ್ ಮಾಡುವ ಅಂಗಡಿಯೊಂದರಲ್ಲಿ, ಹಾರ್ಡ್‌ಡಿಸ್ಕೊಂದು ಬೆಳಕಿಗೆ ಬಂದಿದೆ. ದೊರೆತ ಸ್ಥಳ: ಸತ್ತ ಕಂಪ್ಯೂಟರಿನ ಹೊಟ್ಟೆ. ಕಾಲ: ಲೇಬಲ್ಲಿನ ಪ್ರಕಾರ 2009. ಭಾಷೆ: ಕನ್ನಡ. ಲಿಪಿ: ವಿವಾದಾಸ್ಪದ.

ಇದರ ಮೂಲಪುರುಷನನ್ನು ಐಬಿಎಂ 1956ರಲ್ಲಿ ಹೊರತಂದಿತು. ಎರಡಡಿ ಅಗಲದ 50 ತಟ್ಟೆಗಳಿದ್ದ ಆ ಮಹಾಕಾಯನಲ್ಲಿ ಹಿಡಿಸುತ್ತಿದ್ದುದು ಸುಮಾರು 5 ಎಂಬಿ, ಅಂದರೆ ಇಂದಿನ ವರನ ಒಂದೇ ಫೋಟೊ. ರಾಜೂರಿನ ತಟ್ಟೆಯ ಮೇಲೆ 160 ಜಿಬಿ ಎಂದು ಬರೆದಿದೆ. ವಿಂಡೋಸ್ ತೋರಿಸುವುದು 149. ಉಳಿದ 11 ಎಲ್ಲಿ? ತಯಾರಕರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ ಎಂಬುದು ಶಾಸ್ತ್ರಸಮ್ಮತ ಉತ್ತರ. ಯಾರೋ ನಡುವೆ ತಿಂದರು ಎಂಬುದು ಸಂತೆಯ ಉತ್ತರ. ಅನುಯಾಯಿಗಳು ಇದಕ್ಕೇ ಹೆಚ್ಚು.

ಪ್ರತಿಷ್ಠಾಪನಾ ವಿಧಿ ಸರಳ. ಕರೆಂಟ್ ತೆಗೆದು, ತಟ್ಟೆಯನ್ನು ಹೊಸ ಕಂಪ್ಯೂಟರಿನ ಡಬ್ಬಿಯೊಳಗೆ ಎರಡನೆಯದಾಗಿ ಕೂರಿಸಿ, ಸ್ಕ್ರೂ ಬಿಗಿದು, ಎರಡು ಸಾಟಾ ವೈರು ಚುಚ್ಚುವುದು: ಸಣ್ಣದು ಮಾಹಿತಿಗೆ, ಅಗಲದ್ದು ಕರೆಂಟಿಗೆ. ವಿಘ್ನಗಳು ಆಮೇಲೆ. ಹಳೆಯ ತಟ್ಟೆಯಲ್ಲೂ ಒಂದು ವಿಂಡೋಸ್ ಇರುವುದರಿಂದ, ಯಾವುದು ಮೊದಲು ಏಳಬೇಕೆಂದು ಬಯೋಸ್‌ನಲ್ಲಿ ಹೇಳದಿದ್ದರೆ ಒಮ್ಮೊಮ್ಮೆ ಮುದುಕನೇ ಎದ್ದು ಕೂರುತ್ತಾನೆ. ಫೋಲ್ಡರ್ ತೆರೆದರೆ ‘ನಿಮಗೆ ಅನುಮತಿ ಇಲ್ಲ’. ಅಪ್ಪ ತೀರಿಕೊಂಡರೂ ಉತಾರದಲ್ಲಿ ಅವನ ಹೆಸರೇ ಉಳಿದ ಹೊಲದಂತೆ, ಕಡತಗಳೆಲ್ಲ ಇನ್ನೂ ಸತ್ತ ಕಂಪ್ಯೂಟರಿನ ಖಾತೆದಾರನ ಹೆಸರಿನಲ್ಲೇ ಇವೆ. ಒಡೆತನ ಬದಲಿಸಿಕೊಳ್ಳದೆ ಗತಿಯಿಲ್ಲ.

ಈ ಹಂತದಲ್ಲಿ ಅಂಗಡಿಯ ಹುಡುಗ ಕೇಳಿದ, “ಸರ, ಫಾರ್ಮ್ಯಾಟ್ ಹೊಡದ್ಬಿಡ್ಲೇನ್ರಿ?”

“ತಮ್ಮಾ, ಮೊದಲ ಆ ಮೌಸ್ ಬಿಡು!”

ಸಂಶೋಧನಾ ಲೋಕ ಈ ಉದ್ಗಾರಕ್ಕೆ ಋಣಿಯಾಗಿರಬೇಕು.

ಇನ್ನು ಲಿಪಿ. ಹತ್ತಿರದ ಸೂಡಿಯಲ್ಲಿ 11ನೇ ಶತಮಾನದ ಕಲ್ಬರಹಗಳಿವೆ. ಸಾವಿರ ವರ್ಷ ಕಳೆದರೂ ಹಳಗನ್ನಡ ಬಲ್ಲವರು ಓದುತ್ತಾರೆ. 2009ರ ಲಗ್ನಪತ್ರಿಕೆಯನ್ನು ಮಾತ್ರ ಯಾವ ಪಂಡಿತನೂ ಓದಲಾರ. ತೆರೆದೊಡನೆ ಕಂಡದ್ದು ತಲೆಯ ಮೇಲೆ ಚುಕ್ಕೆ, ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳ ಸಾಲು. ಅಜ್ಞಾತ ಬುಡಕಟ್ಟಿನ ಭಾಷೆಯೆಂದು ಪ್ರಸ್ತುತ ಲೇಖಕ ಪ್ರಬಂಧ ಮಂಡಿಸುವಷ್ಟರಲ್ಲಿ ಹುಡುಗ ನುಡಿ ಫಾಂಟ್ ಹಾಕಿದ. ಬುಡಕಟ್ಟು ಆ ಕ್ಷಣವೇ ನಿರ್ನಾಮವಾಗಿ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದು ಮೂಡಿತು. ಯುನಿಕೋಡ್‌ಗೆ ಮುಂಚಿನ ರೂಢಿಯಲ್ಲಿ ಕನ್ನಡವನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇಲ್ಲದಿದ್ದರೆ ವೇಷ ಕಳಚುವುದಿಲ್ಲ.

ಕಾಲನಿರ್ಣಯ ಇನ್ನೂ ಬಾಕಿ. ‘ಹೊಸ ಫೋಲ್ಡರ್’ ಒಳಗೆ ‘ಹೊಸ ಫೋಲ್ಡರ್ 2’, ಅದರೊಳಗೆ ‘ಫೈನಲ್’, ಅದರೊಳಗೆ ‘ಫೈನಲ್ ಕರೆಕ್ಷನ್’. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ಚರ್ಚೆ ನಡೆದಿರುವಾಗಲೇ ಗಿರಾಕಿಯೊಬ್ಬರು ಬಂದು, ಅಣ್ಣನ ಪತ್ರಿಕೆಯನ್ನೇ ತೆಗೆದು ತಮ್ಮನ ಹೆಸರು ಹಾಕಿಕೊಡಿ ಎಂದರು. ಹುಡುಗ ವರನ ಹೆಸರು ಬದಲಿಸಿದ, ವಧುವಿನದನ್ನೂ ಬದಲಿಸಿದ, ಐನೂರು ಪ್ರತಿ ಅಚ್ಚಿಗೆ ಕಳಿಸಿದ. ತಾರೀಖು 2009ರದ್ದೇ ಉಳಿಯಿತು. ತಮ್ಮನ ಲಗ್ನಕ್ಕೆ ಇದೀಗ ಲಿಖಿತ ಆಧಾರ ಸಿಕ್ಕಿದೆ. ಆಗ ಅವನು ಮೂರನೇ ಇಯತ್ತೆಯಲ್ಲಿದ್ದನೆಂಬ ಮೌಖಿಕ ಪರಂಪರೆಯನ್ನು ವಿದ್ವಾಂಸರು ಒಪ್ಪುವುದಿಲ್ಲ.