ಸಿ-ಪೋರ್ಟಿನ ಶಾಸ್ತ್ರಿಗಳು

ಬೆಂಗಳೂರಿನಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ರಚಿಸುವ ಯಾವ ಕಚೇರಿಯನ್ನೇ ಹೊಕ್ಕರೂ, ಆಸಿಲೋಸ್ಕೋಪಿನ ಮಗ್ಗುಲಲ್ಲಿ, ಹತ್ತಾರು ಕೇಬಲ್ಲುಗಳ ನಡುವೆ, ಒಂದೊಂದಕ್ಕೂ ಅದರ ಗುಣದೋಷಗಳನ್ನು ಬರೆದ ಚೀಟಿ ಅಂಟಿಸುತ್ತ ಕುಳಿತಿರುವ ಮಹನೀಯರೊಬ್ಬರ ದರ್ಶನವಾಗದೆ ಇರದು. ಸಹೋದ್ಯೋಗಿಗಳು ಬೆನ್ನ ಹಿಂದೆ ಅವರನ್ನು 'ಸಿ-ಪೋರ್ಟಿನ ಶಾಸ್ತ್ರಿಗಳು' ಎಂದು ಕರೆಯುವರು. ಅದು ಅವರಿಗೂ ಗೊತ್ತು, ಗೊತ್ತಿದ್ದೂ ಬೇಸರಪಡರು. ಲೋಕದ ಜನ ಚಾರ್ಜರಿನ ತುದಿಯನ್ನು ಫೋನಿಗೆ ಚುಚ್ಚಿ ತಮ್ಮ ಪಾಡಿಗೆ ತಾವು ಹೊರಟುಹೋಗುವ ಅವಿವೇಕವನ್ನು ಕಂಡು ಮರುಗುವುದೇ ಅವರ ನಿತ್ಯಕರ್ಮ.

24 ಪಿನ್ನುಗಳ, ಯಾವ ಮಗ್ಗುಲಾಗಿ ಚುಚ್ಚಿದರೂ ಕೂರುವ ಟೈಪ್-ಸಿ 2014ರಲ್ಲಿ ಅವತರಿಸಿದಾಗ, ತಲೆಕೆಳಗಾದ ಪ್ಲಗ್ಗಿನ ಪೀಡೆ ತೊಲಗಿತೆಂದು ಜನ ಹಿಗ್ಗಿದರು. ಶಾಸ್ತ್ರಿಗಳ ಚಿಂತೆ ಆರಂಭವಾದದ್ದು ಅಂದಿನಿಂದ. ಉಡುಪಿ ಹೋಟೆಲಿನ ಮಾಣಿ ಮೇಜಿನ ಬಳಿ ನಿಂತು ಇದ್ದುದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವಂತೆ, ಚಾರ್ಜರು ಮೊದಲು '5 ವೋಲ್ಟು, 9, 15, 20' ಎಂದು ತನ್ನಲ್ಲಿರುವುದನ್ನು ಸಾರಬೇಕು. ಗಿರಾಕಿಯಾದ ಲ್ಯಾಪ್‌ಟಾಪು ಅದರಲ್ಲೊಂದನ್ನು ಬೇಡಬೇಕು. 'ಆಗಲಿ' ಎಂಬ ಉತ್ತರ ಬಂದು, ಬಳಿಕ 'ಸಿದ್ಧ' ಎಂಬ ಕೂಗು ಕೇಳಿದ ಮೇಲೆಯೇ ಉಣ್ಣತಕ್ಕದ್ದು. ಇಡ್ಲಿಯ ಹಾಗೆ 5 ವೋಲ್ಟು ಪಟ್ಟಿಯ ಮೊದಲಲ್ಲೇ ಇರತಕ್ಕದ್ದೆಂಬುದು ವಿಧಿ. ಸಿಸಿ ಎಂಬ ಒಂದು ತಂತಿಯ ಮೇಲೆ ಈ ಸಂವಾದವನ್ನು ನಡೆಸುವ ಪುಟ್ಟ ಚಿಪ್ಪೇ ಪವರ್ ಡೆಲಿವರಿ ಕಂಟ್ರೋಲರು. ಅದಕ್ಕೆ ಬುದ್ಧಿ ಕಲಿಸುವುದು ಶಾಸ್ತ್ರಿಗಳ ಉದ್ಯೋಗ.

ಬುದ್ಧಿ ಕಲಿಸುವುದೆಂದರೆ, ಚಿಪ್ಪು ಮಾರಿದವರೇ ಕೊಟ್ಟ ಸಾಫ್ಟ್‌ವೇರನ್ನು ತೆರೆದು, ಪುಟಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಈ ಪೋರ್ಟು ಕೊಡುವುದೋ, ತೆಗೆದುಕೊಳ್ಳುವುದೋ, ಎರಡನ್ನೂ ಬಲ್ಲುದೋ? ಎಷ್ಟು ವೋಲ್ಟು, ಎಷ್ಟು ಆಂಪಿಯರು? ಎದುರಿನವರು ಪಾತ್ರ ಬದಲಿಸಿಕೊಳ್ಳೋಣವೆಂದರೆ ಒಪ್ಪುವುದೋ, ಒಲ್ಲದೋ? ಕಿರಿಯ ಇಂಜಿನಿಯರೊಬ್ಬ ಮಾನಿಟರಿನ ಬೋರ್ಡನ್ನು ಹಿಡಿದು, "ಸಾರ್, ಲ್ಯಾಪ್‌ಟಾಪ್ ಚಾರ್ಜ್ ಆಗ್ತಿದೆ, ಸ್ಕ್ರೀನ್ ಮಾತ್ರ ಬರ್ತಿಲ್ಲ" ಎಂದು ಬಂದರೆ, ಶಾಸ್ತ್ರಿಗಳು ಕನ್ನಡಕವನ್ನು ಹಣೆಗೇರಿಸಿ ಅನುಗ್ರಹಿಸುವರು: "ಕೊಡುವವನೇ ಆಳುವವನೆಂದು ಪೋರ್ಟು ಮೊದಲಿಗೆ ಭಾವಿಸುತ್ತದಪ್ಪ. ಇಲ್ಲಿ ಉಣಿಸುವುದು ಮಾನಿಟರು, ಆಳಬೇಕಾದ್ದು ಲ್ಯಾಪ್‌ಟಾಪು. ಡೇಟಾದ ಪಾತ್ರವನ್ನು ಬದಲಿಸು ಎಂಬ ಬಿನ್ನಹಕ್ಕೆ ನೀನು 'ಇಲ್ಲ' ಎಂದು ಬರೆದಿಟ್ಟಿದ್ದೀಯೆ." ಒಂದು ಚೌಕದಲ್ಲಿ ಗುರುತು ಹಾಕಿ, ಫ್ಲ್ಯಾಶಿಗೆ ಬರೆದು, ಕೇಬಲ್ಲನ್ನು ಕಿತ್ತು ಮತ್ತೆ ಚುಚ್ಚಿದೊಡನೆ ಪರದೆ ಬೆಳಗುವುದು. ಹುಡುಗ ಆ ಕ್ಷಣವೇ ಓಟ ಕೀಳುವನು. ಓಡದಿದ್ದರೆ, 2019ರಲ್ಲಿ ರಾಸ್ಪ್‌ಬೆರಿ ಪೈ 4 ಎರಡು ಸಿಸಿ ಪಿನ್ನುಗಳಿಗೆ 5.1 ಕಿಲೋ ಓಮಿನ ಒಂದೊಂದು ರೆಸಿಸ್ಟರನ್ನು ಇಡದೆ ಎರಡಕ್ಕೂ ಒಂದನ್ನೇ ಹಂಚಿದ ಕಾರಣ, ಒಳಗೆ ಇ-ಮಾರ್ಕರ್ ಚಿಪ್ಪುಳ್ಳ ಕೇಬಲ್ಲಿನ ಮೂಲಕ ನೋಡಿದ ಚಾರ್ಜರು ಅದನ್ನು ಹೆಡ್‌ಫೋನಿನ ಅಡಾಪ್ಟರೆಂದು ಬಗೆದು ಉಪವಾಸ ಕೆಡವಿದ ಪುರಾಣವನ್ನು ಆದ್ಯಂತ ಕೇಳಬೇಕಾದೀತೆಂದು ಅವನು ಬಲ್ಲ.

ಕಚೇರಿಯ ಹೊರಗೂ ಶಾಸ್ತ್ರಿಗಳು ಶಾಸ್ತ್ರಿಗಳೇ. ಮದುವೆಯ ಛತ್ರದಲ್ಲಿ ಹುಡುಗಿಯ ಸೋದರಮಾವ ಬೆವರೊರೆಸಿಕೊಳ್ಳುತ್ತ ಬಂದು, "ಸ್ವಾಮಿ, ಫೋನು 2 ಪರ್ಸೆಂಟಿಗೆ ಇಳಿದಿದೆ, ಪುರೋಹಿತರು ಎಲ್ಲಿದ್ದಾರೋ ಕೇಳಬೇಕು, ಚಾರ್ಜರ್ ಇದ್ದರೆ..." ಎಂದರು. ಚೀಲದ ತುಂಬ ಚಾರ್ಜರುಗಳಿದ್ದವು. ಆದರೆ ವಿಚಾರಣೆಯಿಲ್ಲದೆ ದಾನವುಂಟೇ? "ಇದೆ ರಾಯರೇ. ನಿಮ್ಮ ಕೇಬಲ್ಲು 3 ಆಂಪಿಯರಿನದೋ, 5ರದೋ? 5ರದಾದರೆ ಇ-ಮಾರ್ಕರ್ ಇರತಕ್ಕದ್ದು. 2021ರ ಪರಿಷ್ಕರಣದಲ್ಲಂತೂ 28, 36..." ಶಾಸ್ತ್ರಿಗಳು 48 ವೋಲ್ಟನ್ನೂ 240 ವ್ಯಾಟನ್ನೂ ತಲುಪುವ ಮೊದಲೇ ಫೋನು ಕಣ್ಣು ಮುಚ್ಚಿತು. ಅಡುಗೆಯ ಭಟ್ಟರು ಉಗ್ರಾಣದಿಂದ ಎಣ್ಣೆಜಿಡ್ಡು ಹಿಡಿದ ಹಳೆಯ ಚಾರ್ಜರೊಂದನ್ನು ತಂದು ಚುಚ್ಚಿದರು; ಫೋನು ಎದ್ದಿತು, ಪುರೋಹಿತರೂ ಸಿಕ್ಕಿದರು. "ಬರಿಯ 5 ವೋಲ್ಟು! ಮಾತುಕತೆಯೇ ಇಲ್ಲದ ಸಂಬಂಧ!" ಎಂದು ಶಾಸ್ತ್ರಿಗಳು ಗಟ್ಟಿಯಾಗಿಯೇ ನಿಟ್ಟುಸಿರಿಟ್ಟಾಗ, ಬೀಗರ ಕಡೆಯವರು ಹೌಹಾರಿ ತಿರುಗಿ ನೋಡಿದರು.

ಯೂರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೂ 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪುಗಳಿಗೂ ಟೈಪ್-ಸಿ ಒಂದೇ ಪೋರ್ಟೆಂದು ವಿಧಿಸಿದ್ದನ್ನು ಕೇಳಿ, ಇನ್ನು ಶಾಸ್ತ್ರಿಗಳ ಕೆಲಸ ಮುಗಿಯಿತೆಂದುಕೊಂಡವರುಂಟು. ಆದರೆ ಹೊರಗಣ ಆಕಾರ ಒಂದಾದಷ್ಟೂ ಒಳಗಣ ಭೇದ ಕಣ್ಣಿಗೆ ಬೀಳದೆ ಹೋಗುವುದರಿಂದ, ಅವರನ್ನು ಹಾಸ್ಯ ಮಾಡುವ ಬಂಧುಮಿತ್ರರೆಲ್ಲರೂ, ಆ ಸೋದರಮಾವನವರೂ ಸೇರಿ, ಚಾರ್ಜರು ಕೊಳ್ಳುವ ಮುನ್ನ ಅದರ ಫೋಟೋವನ್ನು ಅವರಿಗೇ ಕಳುಹಿಸುವರು. ಉತ್ತರವಾಗಿ ಬರುವ ಸುದೀರ್ಘ ವಾಟ್ಸಾಪ್ ಲೇಖನದಲ್ಲಿ 'ಕೊಳ್ಳಬಹುದು' ಎಂಬ ಕೊನೆಯ ಸಾಲನ್ನು ಮಾತ್ರ ಓದಿ ಅಂಗಡಿಗೆ ನಡೆಯುವರು. ಇದನ್ನು ಅರಿತ ಶಾಸ್ತ್ರಿಗಳು ಈಚೆಗೆ ಆ ಒಂದು ಮಾತನ್ನು ಲೇಖನದ ನಡುವೆಲ್ಲೋ ಹುದುಗಿಸಿ ಬರೆಯತೊಡಗಿದ್ದಾರೆ.