ಬಾಡಿಗೆಗೆ ಸಿಗುವ ಅಜ್ಜನ ಕಾಲ

ಮದುವೆ ಕಾಗದದ ಅಂಚನ್ನು ಸುಟ್ಟು ಕಳಿಸುವುದು ಈಗಿನ ಫ್ಯಾಷನ್ನು. ಹಳೇ ಕಾಲದ ಓಲೆಯಂತೆ ಕಾಣಬೇಕಂತೆ. ನಿಜವಾದ ಹಳೇ ಕಾಲದಲ್ಲಿ ಮದುವೆ ಕಾಗದದ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತಿದ್ದರು. ಅಂಚು ಕಪ್ಪಾದ ಕಾಗದ ಬಂದರೆ ಹೊಸ್ತಿಲಾಚೆಯೇ ನಿಂತು ಓದಿ, ಹರಿದೆಸೆದು, ನೇರ ಬಚ್ಚಲಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಹೋಗಲಿ ಬಿಡಿ, ಡಿಸೈನ್ ಮಾಡಿದ ಹುಡುಗನಿಗೆ ಸಾವಿನ ಕಾಗದದ ಕಥೆಯೆಲ್ಲ ಗೊತ್ತಿರಬೇಕೆಂದೇನಿಲ್ಲ.

ಒಳಗೆ ಬರೆದಿರುವುದು ಇಷ್ಟು: ವಿಂಟೇಜ್ ಥೀಮ್, ಹೆರಿಟೇಜ್ ಜಾಗ, ಬಯಲಿನಲ್ಲಿ ಮದುವೆ. ಕೊನೆಯದಕ್ಕೆ ರೇಟು ಜಾಸ್ತಿ. ನಮ್ಮ ಅಜ್ಜಂದಿರದೆಲ್ಲ ಬಯಲಿನ ಮದುವೆಯೇ. ಅಂಗಳದಲ್ಲಿ ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಹಿತ್ತಲಲ್ಲಿ ಒಲೆ ತೋಡಿ, ಅಕ್ಕಪಕ್ಕದವರ ಕೊಳದಪ್ಪಲೆ ಕಡ ತಂದು ಮುಗಿಸುತ್ತಿದ್ದರು. ಆಕಾಶಕ್ಕೆ ಬಾಡಿಗೆ ಇರಲಿಲ್ಲ. ಮುಂದೆ ಅಪ್ಪ ಸಾಲ ಮಾಡಿ ಫ್ಯಾನಿರುವ ಛತ್ರ ಹಿಡಿದ. ಊರಲ್ಲಿ ಅದೇ ದೊಡ್ಡಸ್ತಿಕೆ. ಈಗ ಮಗ ಅದರ ಹತ್ತು ಪಟ್ಟು ಸಾಲ ಮಾಡಿ ತಲೆ ಮೇಲಿನ ಸೂರು ತೆಗೆಸಿದ್ದಾನೆ.

ಹಾಗಿದ್ದರೆ ಚಪ್ಪರವನ್ನೇ ಹಾಕಿಸಿ ಎಂದರೆ ಇವೆಂಟ್ ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ. ಅದು ವಿಂಟೇಜ್ ಅಲ್ಲ, ಬರೀ ಹಳೆಯದು. ವಿಂಟೇಜ್ ಎಂದರೆ ಮಂಡ್ಯದ ವರ ಸಸ್ಪೆಂಡರ್ ಬಿಗಿದು, ಚಪ್ಪಟೆ ಟೋಪಿ ಇಟ್ಟು, 1920ರ ಇಂಗ್ಲೆಂಡಿನ ಜಮೀನ್ದಾರನಂತೆ ನಿಲ್ಲುವುದು. ವಧು ಲೇಸಿನ ಕೊಡೆ ಹಿಡಿಯುವುದು. ಆ ಕಾಲದ ಬಂಗಲೆಯ ಹುಲ್ಲುಹಾಸಿನ ಮೇಲೆ ನಮ್ಮ ಕಡೆಯವರು ಇರಲೇ ಇಲ್ಲವೆಂದಲ್ಲ. ಇದ್ದರು, ಟ್ರೇ ಹಿಡಿದುಕೊಂಡು.

ಜಾಗಗಳೂ ಈ ವೇಷಕ್ಕೆ ತಕ್ಕವೇ. 1921ರಲ್ಲಿ ಕೆಲಸ ಶುರುವಾದ ಮೈಸೂರಿನ ಲಲಿತ ಮಹಲ್, ವೈಸ್‌ರಾಯ್ ಬಂದರೆ ಇಳಿದುಕೊಳ್ಳಲೆಂದು ಕಟ್ಟಿಸಿದ್ದು. ಅದರ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ. ಬೆಂಗಳೂರು ಅರಮನೆ ವಿಂಡ್ಸರ್ ಕೋಟೆಯ ಧಾಟಿಯದು. ಅದರ ಮೈದಾನದಲ್ಲಿ 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಜನ ಬ್ಯಾಂಕಿನ ಮುಂದೆ ಸಾಲು ನಿಂತಿದ್ದ ಹೊತ್ತಿಗೇ, ಮಾಜಿ ಸಚಿವರೊಬ್ಬರ ಮಗಳ ಮದುವೆಗೆ ಹಂಪಿಯ ವಿಜಯ ವಿಠಲ ದೇವಸ್ಥಾನದ ಸೆಟ್ಟೇ ಎದ್ದಿತ್ತು. ಅಸಲಿ ದೇವಸ್ಥಾನದ ಆವರಣದಲ್ಲಿ ಸರ್ಕಾರದ ಅಪ್ಪಣೆಯಿಲ್ಲದೆ ಆರತಕ್ಷತೆ, ಪಾರ್ಟಿ ಮಾಡುವಂತಿಲ್ಲ. ನಕಲಿಗೆ ಆ ತೊಂದರೆ ಇಲ್ಲ.

ಇತ್ತೀಚೆಗೆ ಇಂಥದೊಂದು ಮದುವೆಯಲ್ಲಿ ಫೋಟೋ ಮೂಲೆಯೊಂದಿತ್ತು. ಕಬ್ಬಿಣದ ಟ್ರಂಕು, ತಿರುಗದ ಗ್ರಾಮಫೋನು, ಟೈಪ್‌ರೈಟರು. ಸರ್ಕಾರಿ ಕಚೇರಿಯಲ್ಲಿ ಆಯಸ್ಸೆಲ್ಲ ಟೈಪು ಕುಟ್ಟಿ ನಿವೃತ್ತರಾದ ಹಿರಿಯರೊಬ್ಬರು ಆಸೆಯಿಂದ ಅದರ ಮುಂದೆ ಕೂತರು. ರಿಬ್ಬನ್ ಇಲ್ಲ, ಕ್ಯಾರೇಜ್ ಸರಿಯುವುದಿಲ್ಲ. ‘ಸ್ವಲ್ಪ ಎಣ್ಣೆ ಬಿಟ್ಟರೆ ಆದೀತು’ ಎಂದು ಜೇಬಿನಿಂದ ಕರ್ಚೀಫು ತೆಗೆಯುವಷ್ಟರಲ್ಲಿ ಕಿವಿಗೆ ವೈರ್ ಸಿಕ್ಕಿಸಿಕೊಂಡ ಹುಡುಗನೊಬ್ಬ ಓಡಿ ಬಂದ. ‘ಅಂಕಲ್, ಮುಟ್ಬೇಡಿ. ಪ್ರಾಪು ಅದು. ಆ ಕಡೆ ಕೂತ್ಕೊಳ್ಳಿ, ಫ್ರೇಮಲ್ಲಿ ಬರ್ತಿದ್ದೀರಾ.’ ಇಡೀ ಹುಲ್ಲುಹಾಸಿನಲ್ಲಿ ಆ ಯಂತ್ರ ಬಲ್ಲವರು ಅವರೊಬ್ಬರೇ. ಅವರ ಚೌಕಳಿ ಅಂಗಿ ಮಾತ್ರ ಥೀಮಿಗೆ ಹೊಂದುತ್ತಿರಲಿಲ್ಲ.

ಪುರೋಹಿತರು ಬೆಳಗ್ಗೆಯ ಲಗ್ನಕ್ಕೆ ಪಂಚಾಂಗ ನೋಡಿದ್ದರು. ಫೋಟೋಗ್ರಾಫರ್ ಸಂಜೆಯ ಬೆಳಕಿಗೆ ಗಡಿಯಾರ ನೋಡುತ್ತಿದ್ದ. ಮೊದಲನೆಯದು ತುಸು ಮೀರಿದರೆ ಶಾಂತಿ ಮಾಡಿಸಬಹುದು. ಎರಡನೆಯದಕ್ಕೆ ಪರಿಹಾರವಿಲ್ಲ. ಹಾಗಾಗಿ ಹೆಣ್ಣಿನ ತಂದೆ ಧಾರೆಯ ಚೊಂಬು ಹಿಡಿದು ಎರಡೆರಡು ಸಲ ನೀರೆರೆದರು, ಒಮ್ಮೆ ಅಳಿಯನಿಗೆ, ಇನ್ನೊಮ್ಮೆ ಕ್ಯಾಮೆರಾಕ್ಕೆ.

ಅರಮನೆ ಮದುವೆಯ ಅಸಲಿ ಇತಿಹಾಸವೇ ಬೇಕೆಂದರೆ ಅದೂ ಮೈಸೂರಿನಲ್ಲಿದೆ. 1897ರ ಫೆಬ್ರುವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಬೆಂಕಿ ಬಿದ್ದು ಮರದ ಹಳೆಯ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಹಾಕಿದ ನಕ್ಷೆಯಂತೆ ಈಗಿನ ಅರಮನೆ ಪೂರ್ತಿಯಾದದ್ದು 1912ಕ್ಕೆ. ಖರ್ಚು 41,47,913 ರೂಪಾಯಿ. ಇವತ್ತು ಅಷ್ಟು ದುಡ್ಡಿಗೆ ಹೂವಿನ ಕಮಾನು, ಡ್ರೋನು, ತಿರುಗದ ಗ್ರಾಮಫೋನು ಸೇರಿ ಒಂದು ಸಂಜೆ ಸಿಕ್ಕೀತು. ಮರಕ್ಕೆ ಲಾಟೀನು ನೇತುಹಾಕಿಸುವವರು ದಯವಿಟ್ಟು ಪಕ್ಕದಲ್ಲೊಂದು ಬಕೆಟ್ ನೀರು ಇಡಿಸಿ. ಬಂಗಲೆ ಬಾಡಿಗೆಯದು.