ಮಾರ್ಚ್ 31ಕ್ಕೆ ಕಾಡಿನ ಬೆಂಕಿ ಆರುವುದಿಲ್ಲ

ಬಜೆಟ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಆರ್ಥಿಕ ಇಲಾಖೆಯಲ್ಲೂ ದೆಹಲಿಯ ಹಣಕಾಸು ಸಚಿವಾಲಯದಲ್ಲೂ ಕೂತು ಯಾವ ಬಾಬ್ತಿಗೆ ಎಷ್ಟು ಎಂದು ತೀರ್ಮಾನಿಸುವ ತಮ್ಮೆಲ್ಲರಿಗೂ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಿಂದ ನಮಸ್ಕಾರ. ನಾನು ಬರೆಯುತ್ತಿರುವುದು ಬಂಡೀಪುರದ ಕಾಡು ಕಾಯುವ ದಿನಗೂಲಿ ಮತ್ತು ಹೊರಗುತ್ತಿಗೆ ವಾಚರ್‌ಗಳ ಬಗ್ಗೆ. ಅನುದಾನ ಕಡಿಮೆಯಾದಾಗ ಮೊದಲು ನಿಲ್ಲುವುದು ಅವರ ಕೂಲಿ. ಅದೂ ಕಾಡಿಗೆ ಅವರು ತೀರಾ ಬೇಕಾದ ತಿಂಗಳುಗಳಲ್ಲೇ ನಿಲ್ಲುತ್ತದೆ.

ತಮ್ಮಲ್ಲಿ ಹಲವರು ಈ ಬೆಟ್ಟಕ್ಕೆ ಬಂದಿರುತ್ತೀರಿ. ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು, ಹಂಗಳದಲ್ಲಿ ಬಲಕ್ಕೆ ತಿರುಗಿ, ಬೆಟ್ಟದ ಬುಡದಲ್ಲಿ ಕಾರು ಬಿಟ್ಟು, ಸಾರಿಗೆ ಸಂಸ್ಥೆಯ ಬಸ್ಸು ಹತ್ತಿ ಮೇಲೆ ಹೋಗಿರುತ್ತೀರಿ. 1,454 ಮೀಟರ್ ಎತ್ತರದಲ್ಲಿ ವೇಣುಗೋಪಾಲನ ಗುಡಿ, ಸುತ್ತಲೂ ಮಂಜು. ಆದರೆ ಬಹುಪಾಲು ಜನ ಬರುವುದು ಮಳೆಗಾಲದಲ್ಲಿ, ಶ್ರಾವಣದ ಶನಿವಾರಗಳಲ್ಲಿ, ಕೆಳಗೆ ಹೊಲಗಳಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳಿರುವಾಗ. ಫೆಬ್ರುವರಿಯಲ್ಲಿ ಒಮ್ಮೆ ಬನ್ನಿ. ಆಗ ಮಳೆಗಾಲದ ಹುಲ್ಲು ನಿಂತಲ್ಲೇ ಒಣಗಿರುತ್ತದೆ. ಅದರ ನಡುವೆ ಲಂಟಾನ ಪೊದೆಗಳು ಹಬ್ಬಿಕೊಂಡಿರುತ್ತವೆ. ಮಧ್ಯಾಹ್ನದ ಗಾಳಿ ಒಂದು ಗುಡ್ಡದ ಇಳಿಜಾರಿನಿಂದ ಇನ್ನೊಂದಕ್ಕೆ ಹಾಯುತ್ತದೆ. ಒಂದು ಬೀಡಿ ತುಂಡು, ಇಲ್ಲವೇ ಹೊಟ್ಟೆಕಿಚ್ಚಿನಲ್ಲಿ ಯಾರೋ ಗೀರಿದ ಒಂದು ಕಡ್ಡಿ ಸಾಕು.

2019ರ ಫೆಬ್ರುವರಿ ಕೊನೆಯ ವಾರ ಈ ಬೆಟ್ಟದ ಸುತ್ತ ಮತ್ತು ಕುಂದಕೆರೆ ಕಡೆ ಹಬ್ಬಿದ ಬೆಂಕಿಯಲ್ಲಿ 4,400 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತೆಂದು ಉಪಗ್ರಹ ಚಿತ್ರಗಳನ್ನು ನೋಡಿ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಲೆಕ್ಕ ಹಾಕಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಹೆಲಿಕಾಪ್ಟರ್ ಬಂದದ್ದು ಟಿ.ವಿ.ಯಲ್ಲಿ ಎಲ್ಲರಿಗೂ ಕಂಡಿತು. ಹೆಲಿಕಾಪ್ಟರ್ ಬರುವ ಮೊದಲೂ, ಅದು ಹೋದ ಮೇಲೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರಲ್ಲಿ ಹೆಚ್ಚಿನವರು ತಿಂಗಳ ಸಂಬಳದ ನೌಕರರಲ್ಲ. ಸುತ್ತಲ ಹಾಡಿಗಳ ಜೇನುಕುರುಬರು, ಸೋಲಿಗರು, ಕಾಡಂಚಿನ ಹಳ್ಳಿಗಳ ಬಡ ರೈತರ ಮಕ್ಕಳು ಅವರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಬಂಡೀಪುರವೂ ಒಂದು. ಆ ಹೊತ್ತಿಗೆ ಕಾಡಿನೊಳಗಿದ್ದ ಹಾಡಿಗಳನ್ನು ಹೊರಗೆ ತಂದರು. ಅದೇ ಹಾಡಿಯವರ ಮಕ್ಕಳು, ಮೊಮ್ಮಕ್ಕಳು ಈಗ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಲಗಿ ಕಾಡು ಕಾಯುತ್ತಾರೆ. ಯಾವ ಹಳ್ಳ ಎಲ್ಲಿಗೆ ಹೋಗುತ್ತದೆ, ಗಾಳಿ ತಿರುಗಿದರೆ ಬೆಂಕಿ ಯಾವ ಕಣಿವೆಗೆ ಇಳಿಯುತ್ತದೆ, ಯಾವ ದಾರಿಯಲ್ಲಿ ಓಡಿದರೆ ಮನುಷ್ಯ ಉಳಿಯುತ್ತಾನೆ ಎಂಬುದು ಅವರಿಗೆ ಗೊತ್ತು. ಆ ತಿಳಿವಳಿಕೆಗೆ ತಮ್ಮ ಬಜೆಟ್ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಕಾಡಿನ ಕೆಲಸಕ್ಕೆ ತನ್ನದೇ ಒಂದು ವರ್ಷವಿದೆ. ಮಳೆ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ ಬೆಂಕಿ ರೇಖೆ ತೆಗೆಯಬೇಕು. ಅಂದರೆ ದಾರಿಗಳ ಎರಡೂ ಕಡೆ ಹುಲ್ಲು, ಪೊದೆ ಸವರಿ, ಕಾವಲಿಟ್ಟುಕೊಂಡು ಸುಟ್ಟು, ಬೆಂಕಿ ದಾಟಲಾಗದ ಪಟ್ಟಿ ಮಾಡಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ಎತ್ತರದ ಜಾಗಗಳಲ್ಲಿ ಕಣ್ಣಿಟ್ಟು ಕೂರಬೇಕು. ಮೇ ತಿಂಗಳಲ್ಲಿ ನೀರು ಬತ್ತಿದಾಗ ಆನೆಗಳು ಊರ ಕಡೆ ತಿರುಗದಂತೆ ಕಾಯಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಗಸ್ತಿನ ದಾರಿಗಳೇ ಕೆಡುತ್ತವೆ, ಆಗ ಕಳ್ಳಬೇಟೆಯವರಿಗೆ ಅನುಕೂಲ.

ತಮ್ಮ ವರ್ಷ ಬೇರೆ. ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ. ಪರಿಷ್ಕೃತ ಅಂದಾಜಿನಲ್ಲಿ ಕಡಿತವಾಗುವುದು ಅದಕ್ಕೂ ಮೊದಲು, ಜನವರಿ, ಫೆಬ್ರುವರಿಯಲ್ಲಿ. ಏಪ್ರಿಲ್ 1ಕ್ಕೆ ಹೊಸ ವರ್ಷ ಹುಟ್ಟುತ್ತದೆ, ಹಣ ಹುಟ್ಟುವುದಿಲ್ಲ. ಹುಲಿ ಮೀಸಲಿನ ವಾರ್ಷಿಕ ಕಾರ್ಯಯೋಜನೆ ಇಲ್ಲಿಂದ ದೆಹಲಿಗೆ ಹೋಗಬೇಕು, ಅಲ್ಲಿ ಒಪ್ಪಿಗೆಯಾಗಬೇಕು, ಕೇಂದ್ರದ ಪಾಲು ರಾಜ್ಯಕ್ಕೆ ಬರಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಹಿಂದಿನ ವರ್ಷದ ಬಳಕೆ ಪ್ರಮಾಣಪತ್ರ ಸಲ್ಲಬೇಕು. ಅಷ್ಟಾಗಿ ಹೊರಗುತ್ತಿಗೆ ಏಜೆನ್ಸಿಯ ಬಿಲ್ ಪಾಸಾಗುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಒಣ ಹುಲ್ಲು ತಮ್ಮ ಕ್ಯಾಲೆಂಡರ್ ನೋಡಿ ಹೊತ್ತಿಕೊಳ್ಳುವುದಿಲ್ಲ. ನಾನು ಹೇಳಬೇಕಾದ ಮಾತಿನ ಸಾರವೆಲ್ಲ ಇಷ್ಟೇ. ಖಜಾನೆ ಕೈ ಬಿಗಿ ಹಿಡಿಯುವ ತಿಂಗಳುಗಳೂ ಕಾಡು ಕೈ ಚಾಚುವ ತಿಂಗಳುಗಳೂ ಒಂದೇ ಆಗಿರುವುದರಿಂದ, ಶೇ 10ರ ಕಡಿತವೂ ಇಲ್ಲಿ ಇಡೀ ಕೂಲಿಯ ಕಡಿತವಾಗಿ ಇಳಿಯುತ್ತದೆ.

ಕಡಿತದ ಅಂಕಿಗಳನ್ನು ತಾವೇ ಬರೆದಿದ್ದೀರಿ. 2019-20ರ ಕೇಂದ್ರ ಬಜೆಟ್‌ನಲ್ಲಿ ಹುಲಿ ಯೋಜನೆಗೆ 350 ಕೋಟಿ ರೂಪಾಯಿ ಇತ್ತು. 2020-21ರಲ್ಲಿ ಅದು 300 ಕೋಟಿಯಾಯಿತು. ಆ ವರ್ಷವೇ ಕೋವಿಡ್ ಬಂದು ಸಫಾರಿ ಮುಚ್ಚಿತು, ಪರಿಷ್ಕೃತ ಅಂದಾಜು 200 ಕೋಟಿಗೂ ಕೆಳಗಿಳಿಯಿತು. 2023-24ರಲ್ಲಿ ಹುಲಿ ಯೋಜನೆ ಮತ್ತು ಆನೆ ಯೋಜನೆಗಳನ್ನು ಒಂದುಗೂಡಿಸಿ ಎರಡಕ್ಕೂ ಸೇರಿ 331.80 ಕೋಟಿ ಇಟ್ಟಿರಿ. ಮರುವರ್ಷ ಅದು 245 ಕೋಟಿಗೆ ಇಳಿಯಿತು. 2025-26ರಲ್ಲಿ 290 ಕೋಟಿಗೆ ಏರಿಸಿದ್ದನ್ನು ಹೆಚ್ಚಳವೆಂದು ಹೇಳಲಾಯಿತು. ಅದು ಹಿಂದಿನ ವರ್ಷಕ್ಕಿಂತ ಹೆಚ್ಚಳ ನಿಜ. ಆದರೆ ಹುಲಿ ಒಂದಕ್ಕೇ 350 ಕೋಟಿ ಇದ್ದದ್ದು ಆರು ವರ್ಷದಲ್ಲಿ ಹುಲಿ, ಆನೆ ಎರಡಕ್ಕೂ ಸೇರಿ 290 ಆಯಿತು. ಈ ನಡುವೆ ಹುಲಿಗಳು ಕಡಿಮೆಯಾಗಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ಬಂಡೀಪುರ ಒಂದರಲ್ಲೇ 150. ದೇಶದಲ್ಲಿ ಕಾರ್ಬೆಟ್ ಬಿಟ್ಟರೆ ಇಲ್ಲೇ ಹೆಚ್ಚು. ಅಕ್ಕಿ, ಬೇಳೆ, ಡೀಸೆಲ್ ಬೆಲೆಯ ಬಗ್ಗೆ ತಮಗೆ ನಾನು ಹೇಳಬೇಕಿಲ್ಲ.

ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಹುಲಿ ಯೋಜನೆಯ ವೆಚ್ಚದಲ್ಲಿ ರಾಜ್ಯದ್ದೂ ಒಂದು ಪಾಲಿದೆ. ತಮ್ಮ ಪಾಲು ತಡವಾದರೆ ಕೇಂದ್ರದ ಮುಂದಿನ ಕಂತೂ ತಡವಾಗುತ್ತದೆ.

2025ರ ಜೂನ್ 26ರಂದು ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ವಿಷ ತಿಂದು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದವರು ಸಿಕ್ಕಿಬಿದ್ದರು. ಆ ಸುದ್ದಿಯ ಜೊತೆಗೇ ಇನ್ನೊಂದು ಸುದ್ದಿ ಹೊರಬಿತ್ತು. ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ಸುಮಾರು ಮೂರು ತಿಂಗಳಿಂದ ಕೂಲಿ ಆಗಿರಲಿಲ್ಲ. ಹುಲಿಗಳು ಸಾಯುವ ಕೆಲವೇ ದಿನ ಮೊದಲು ಅವರು ಬಾಕಿ ಕೇಳಿ ಪ್ರತಿಭಟನೆ ಮಾಡಿದ್ದರು. ಹಣ ಏಪ್ರಿಲ್‌ನಲ್ಲೇ ಬಿಡುಗಡೆಯಾಗಿದ್ದರೂ ಕೆಳಗೆ ತಲುಪಿರಲಿಲ್ಲ ಎಂದು ಅರಣ್ಯ ಸಚಿವರೇ ಹೇಳಿದರು, ಅಧಿಕಾರಿಗಳ ಮೇಲೆ ಕ್ರಮವೂ ಆಯಿತು. ಐದು ಹುಲಿ ಸತ್ತದ್ದರಿಂದ ಆ ಬಾಕಿಯ ಮಾತು ಇಡೀ ರಾಜ್ಯಕ್ಕೆ ಕೇಳಿಸಿತು. ಮೂರು ತಿಂಗಳು ಕೂಲಿ ಇಲ್ಲದೆ ಬದುಕಿದ ಮನೆಗಳ ಸಂಕಟ ತಾನಾಗಿ ಒಂದು ಸುದ್ದಿಯಾಗಬೇಕಿತ್ತು. ಆಗಲಿಲ್ಲ. ಅದಕ್ಕೆ ನನಗೆ ಇಂದಿಗೂ ನೋವಿದೆ.

ಅಂಥ ಮನೆಯಲ್ಲಿ ಏನಾಗುತ್ತದೆಂದು ಹೇಳುತ್ತೇನೆ, ಕೇಳಿ. ಅನ್ನಭಾಗ್ಯದ ಅಕ್ಕಿ ಬರುತ್ತದೆ, ಹಸಿವು ಅಷ್ಟರಮಟ್ಟಿಗೆ ತಡೆಯುತ್ತದೆ. ಎಣ್ಣೆ, ಬೇಳೆ, ಸೋಪಿಗೆ ಅಂಗಡಿಯವನು ಮೊದಲ ತಿಂಗಳು ಬರೆದುಕೊಂಡು ಕೊಡುತ್ತಾನೆ. ಎರಡನೇ ತಿಂಗಳು ಮುಖ ನೋಡುತ್ತಾನೆ. ಹೆಂಡತಿ ಸಂಘದಲ್ಲಿ ಸಾಲ ತೆಗೆದಿರುತ್ತಾಳೆ. ಅದರ ಕಂತು ವಾರಕ್ಕೊಮ್ಮೆ ಬರುತ್ತದೆ, ಅದಕ್ಕೆ ಅನುದಾನದ ನೆಪ ನಡೆಯುವುದಿಲ್ಲ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ತಾವು ಮರೆತಿರಲಾರಿರಿ. ಮರುತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿ ತಡೆಯಲು ಹೊರಟಿತು. ಒಳ್ಳೆಯ ಕೆಲಸ. ಆದರೆ ಸರ್ಕಾರವೇ ಕೊಡಬೇಕಾದ ಕೂಲಿ ಮೂರು ತಿಂಗಳು ನಿಂತರೆ ಜನ ಸಾಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಕೆಲವರು ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ, ಇನ್ನು ಕೆಲವರು ವಯನಾಡಿಗೆ. ಅಲ್ಲಿ ಸಂಜೆಗೆ ಕೂಲಿ ಕೈಗೆ ಬರುತ್ತದೆ. ಒಮ್ಮೆ ಹೋದವನು ಅನುದಾನ ಬಂತೆಂದು ಹೇಳಿ ಕಳಿಸಿದರೆ ವಾಪಸ್ ಬರುತ್ತಾನೆಂಬ ಭರವಸೆಯಿಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಹಾಜರಿ ಪುಸ್ತಕ ತುಂಬುತ್ತದೆ, ಆದರೆ ಯಾವ ಹಳ್ಳ ಎಲ್ಲಿಗೆ ಹೋಗುತ್ತದೆಂದು ಆ ಹೊಸಬನಿಗೆ ಗೊತ್ತಿರುವುದಿಲ್ಲ.

ಇಷ್ಟಾದರೂ ಇವರನ್ನು ಯಾರೂ ಕೆಲಸದಿಂದ ತೆಗೆದಿರುವುದಿಲ್ಲ. ತೆಗೆಯಬೇಕಾದರೆ ಮೊದಲು ನೇಮಕವಾಗಿರಬೇಕು. "ಗ್ರಾಂಟ್ ಬಂದಿಲ್ಲ ಕನಪ್ಪ, ಬಂದಾಗ ಹೇಳಿ ಕಳಿಸ್ತೀವಿ" ಎಂಬ ಒಂದು ಮಾತಿಗೆ ಹತ್ತು ಹದಿನೈದು ವರ್ಷದ ಕೆಲಸ ಮುಗಿಯುತ್ತದೆ. ಆ ಮಾತು ಹೇಳುವ ಕೆಳಹಂತದ ಅಧಿಕಾರಿಯೂ ಅಸಹಾಯಕ, ಅವರನ್ನು ದೂರಿ ಪ್ರಯೋಜನವಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ವೆಚ್ಚ ಇಳಿಸಲು ಅರಣ್ಯ ಸೇವೆಯ ಸುಮಾರು 3,400 ಜನರನ್ನೂ ರಾಷ್ಟ್ರೀಯ ಉದ್ಯಾನಗಳ ಸುಮಾರು 1,000 ಜನರನ್ನೂ ಒಮ್ಮೆಗೇ ತೆಗೆಯಿತು. ಅವರ ಕೈಗೆ ವಜಾ ಪತ್ರ ಬಂತು. ಯೊಸೆಮಿಟಿ ಉದ್ಯಾನದ ಬಂಡೆಯ ಮೇಲೆ ಧ್ವಜವನ್ನು ತಲೆಕೆಳಗು ಮಾಡಿ ಇಳಿಬಿಟ್ಟು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಅವರ ಅನ್ಯಾಯ ದೊಡ್ಡದೇ. ನಮ್ಮವರ ಬಳಿ ನ್ಯಾಯಾಧೀಶರ ಮುಂದಿಡಲು ಒಂದು ಕಾಗದವೂ ಇಲ್ಲ. ನಿರುದ್ಯೋಗದ ಯಾವ ಲೆಕ್ಕದಲ್ಲೂ ಅವರು ಸಿಗುವುದಿಲ್ಲ.

ಕೆಲಸದಲ್ಲಿ ಉಳಿದವರ ಪಾಡನ್ನೂ ನೋಡಿ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿ ಹಿಡಿಯಲಿಲ್ಲವೆಂದು ರೊಚ್ಚಿಗೆದ್ದ ರೈತರು ಅರಣ್ಯ ಸಿಬ್ಬಂದಿಯನ್ನೇ ಹುಲಿ ಬೋನಿಗೆ ಕೂಡಿಹಾಕಿದರು. ದನ ಕಳೆದುಕೊಂಡ ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬೋನು ಹೊತ್ತು ತರುವವನು ಕಡಿಮೆ ಜನ, ಕಡಿಮೆ ಡೀಸೆಲ್ ಇಟ್ಟುಕೊಂಡು ಊರೂರು ಸುತ್ತುವವನು. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆದ ಕಡಿತಕ್ಕೆ ಊರ ಜನರೆದುರು ಉತ್ತರ ಕೊಡುವವನು ಅವನೇ. ಅದೇ ವರ್ಷ ನವೆಂಬರ್ 7ರಂದು, ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿ ನಿಲ್ಲಿಸಲು ಆದೇಶವಾಯಿತು. ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ಕಳಿಸಿದರು. ಮನುಷ್ಯನ ಜೀವ ಮುಖ್ಯ, ಆ ಆದೇಶ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ 2006ರ ಕಾನೂನು ತಿದ್ದುಪಡಿಯಿಂದ ಹುಟ್ಟಿದ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿಗೆ ಪ್ರವಾಸಿಗರ ಟಿಕೆಟ್ ದುಡ್ಡೇ ಒಂದು ಮುಖ್ಯ ಆಸರೆ. ಟಿಕೆಟ್ ನಿಂತ ದಿನ ಆ ಕೊರತೆಯನ್ನು ಯಾರು ತುಂಬಬೇಕೆಂಬುದು ಅದೇ ಆದೇಶದ ಜೊತೆ ತೀರ್ಮಾನವಾಗಬೇಕಿತ್ತು.

ಹಣವಿಲ್ಲ ಎಂದು ತಾವು ಹೇಳಬಹುದು. 2025ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ದಿನಗೂಲಿ ನೌಕರರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸರ್ಕಾರ ಸಂವಿಧಾನಬದ್ಧ ಉದ್ಯೋಗದಾತ, ನಿರಂತರವಾದ ಮೂಲಭೂತ ಕೆಲಸ ಮಾಡುವವರ ಬೆನ್ನ ಮೇಲೆ ತನ್ನ ಬಜೆಟ್ ಸರಿದೂಗಿಸಿಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ಭಾವ. ಕಾಡು ಕಾಯುವುದಕ್ಕಿಂತ ನಿರಂತರವಾದ ಕೆಲಸ ಯಾವುದಿದೆ? 2006ರ ಉಮಾದೇವಿ ಪ್ರಕರಣದ ತೀರ್ಪು ದಿನಗೂಲಿಗಳನ್ನು ಕಾಯಂ ಮಾಡುವ ದಾರಿಯನ್ನು ಕಿರಿದು ಮಾಡಿತು. ಆ ಪ್ರಕರಣ ಹುಟ್ಟಿದ್ದೇ ನಮ್ಮ ಕರ್ನಾಟಕದಲ್ಲಿ. ಅದನ್ನು ಸರಿಪಡಿಸುವ ಹೆಜ್ಜೆಯೂ ಕರ್ನಾಟಕದಿಂದ ಬರಲಿ ಎಂಬುದು ನನ್ನ ಆಸೆ.

ಕಾಯಮಾತಿಯ ದೊಡ್ಡ ಪ್ರಶ್ನೆ ತೀರಲು ಕಾಲ ಬೇಕು, ಗೊತ್ತು. ಈಗಲೇ ಆಗಬಹುದಾದ್ದನ್ನು ಕೇಳುತ್ತೇನೆ. ವಾಚರ್‌ಗಳ ಕೂಲಿಯನ್ನು ಕೆರೆ ಹೂಳು, ಜೀಪು ರಿಪೇರಿಗಳ ಸಾಲಿನಿಂದ ಎತ್ತಿ ವೇತನದ ಸಾಲಿಗೆ ಸೇರಿಸಿ, ಪರಿಷ್ಕೃತ ಅಂದಾಜಿನ ಕತ್ತರಿ ಅದನ್ನು ಮುಟ್ಟದಂತೆ ಮಾಡಿ. ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳ ಕೂಲಿಯನ್ನು ಡಿಸೆಂಬರ್ ಒಳಗೇ ಪ್ರತಿ ಹುಲಿ ಪ್ರತಿಷ್ಠಾನದಲ್ಲಿ ಬೇರೆ ಖಾತೆಯಾಗಿ ಇಡಿ. ದೆಹಲಿಯ ಒಪ್ಪಿಗೆ ಬಂದಾಗ ಅದನ್ನು ಮರಳಿ ತುಂಬಿಕೊಳ್ಳಬಹುದು. ಖಾಸಗಿ ಕಾರ್ಖಾನೆಯವನು ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂದು ತಾವೇ ವೇತನ ಸಂಹಿತೆ ಮಾಡಿದ್ದೀರಿ. ಅದೇ ತಾರೀಕಿಗೆ ಬಂಡೀಪುರದ ವಾಚರ್ ಕೈಗೂ ಕೂಲಿ ಬರಲಿ. ಏಜೆನ್ಸಿ ತಡ ಮಾಡಿದರೆ ಇಲಾಖೆ ನೇರವಾಗಿ ಕೊಟ್ಟು ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಲಿ. ಕೆಲಸ ನಿಲ್ಲಿಸಲೇಬೇಕಾದರೆ ಬಾಯಿಮಾತು ಬೇಡ, ಬರಹದಲ್ಲಿ ಕೊಡಿ, ಒಂದು ತಿಂಗಳ ಮುಂಚೆ ಕೊಡಿ.

ಬಜೆಟ್ ಪೂರ್ವಭಾವಿ ಸಭೆಗಳಿಗೆ ತಾವು ಉದ್ಯಮಿಗಳನ್ನು, ರೈತ ಸಂಘಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಯುತ್ತೀರಿ. ಈ ಸಲ ಒಂದು ಸಭೆಯನ್ನು ಹಂಗಳದಲ್ಲೋ ಮೇಲುಕಾಮನಹಳ್ಳಿಯಲ್ಲೋ ನಡೆಸಿ, ಶಿಬಿರಗಳ ವಾಚರ್‌ಗಳನ್ನು ಕರೆದು ಕೂರಿಸಿ. ಯಾವ ತಿಂಗಳು ಯಾವ ವಲಯಕ್ಕೆ ಎಷ್ಟು ಜನ ಬೇಕೆಂದು ಅವರು ಬೆರಳ ಮೇಲೆ ಎಣಿಸಿ ಹೇಳುತ್ತಾರೆ. ಆ ಸಭೆಗೆ ಬರುವ ಮೊದಲು ಅವರ ಹಳೆಯ ಬಾಕಿ ಏನಾದರೂ ಇದ್ದರೆ ತೀರಿಸಿ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ನಿವಾಸಿ